ಕಟ್ಟು ಆರುವ ತನಕ

ಗಂಗಲಕ್ಷ್ಮಮ್ಮನ ಅಡುಗೆಮನೆಯಲ್ಲಿ ಚೆಲ್ಲುವುದು ಎಂಬ ಕೆಲಸವೇ ಇರಲಿಲ್ಲ. ಅಕ್ಕಿ ತೊಳೆದ ನೀರು ಹಸುವಿಗೆ, ಹಸು ಮಾರಿದ ಮೇಲೆ ಕರಿಬೇವಿನ ಗಿಡಕ್ಕೆ. ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನ. ಇನ್ನು ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನ ಮಾತಂತೂ ಕೇಳುವುದೇ ಬೇಡ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಂದು ಹಿಡಿ ಬೆಂದ ಸೊಪ್ಪು ಎಲ್ಲ ರುಬ್ಬಿ, ಆ ಕಟ್ಟಿಗೆ ಕದಡಿ ಕುದಿಸಿದರೆ ಬಸ್ಸಾರು. ಬಸಿದುಳಿದ ಸೊಪ್ಪು ಪಲ್ಯ. ಸತ್ವವೆಲ್ಲ ಕಟ್ಟಿನಲ್ಲೇ ಇರುವುದು, ಪಲ್ಯ ಬರೀ ಬಾಯಾಡಿಸುವುದಕ್ಕೆ ಎಂದು ಅವಳ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದರು.

ಅಂಥ ಮನೆಯಲ್ಲಿ ಈಗ ದಿನಾ ಬೆಳಗ್ಗೆ ಒಂದು ಪಾತ್ರೆ ಕಟ್ಟು ಚರಂಡಿ ಪಾಲಾಗುತ್ತಿತ್ತು.

ಕಾರಣ ಮಗ ನಂದಕುಮಾರನ ಕಿಡ್ನಿ. ದೀಪಾವಳಿಯ ಹಿಂದಿನ ವಾರ ಅವನ ಕಾಲುಗಳು ಊದಿಕೊಂಡವು. ದಿನವಿಡೀ ಪವರ್‌ಲೂಮಿನ ಮುಂದೆ ನಿಲ್ಲುವವನಿಗೆ ಕಾಲು ಊದುವುದೇನು ಮಹಾ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಖವೂ ಊದಿದಾಗ ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಕಿಡ್ನಿಗಳು ಮುಕ್ಕಾಲು ಪಾಲು ಕೆಲಸ ನಿಲ್ಲಿಸಿವೆ, ಉಳಿದ ಕಾಲು ಪಾಲನ್ನು ಕಾಪಾಡಿಕೊಳ್ಳಿ, ಅದು ನಿಮ್ಮ ಅಡುಗೆಮನೆಯ ಕೈಯಲ್ಲಿದೆ ಎಂದರು ಡಾಕ್ಟರು. ನಲವತ್ತನಾಲ್ಕು ವರ್ಷದ ಮಗ.

ಪಥ್ಯ ಹೇಳುವ ಹುಡುಗಿ ಅತ್ತೆ ಸೊಸೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. "ಸೊಪ್ಪಲ್ಲಿ, ಕಾಳಲ್ಲಿ ಪೊಟ್ಯಾಶಿಯಂ ಅಂತ ಒಂದು ಲವಣ ಇರುತ್ತಮ್ಮ. ನನಗೆ ನಿಮಗೆ ಅದು ಒಳ್ಳೇದೇ. ಇವರ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ರಕ್ತದಲ್ಲಿ ಜಾಸ್ತಿ ಆದ್ರೆ ಹೃದಯ ನಿಂತುಹೋಗ್ಬಹುದು. ಬೇಯಿಸಿದಾಗ ಅದು ನೀರಿಗೆ ಇಳಿಯುತ್ತೆ. ಅದಕ್ಕೆ ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ನೆನೆಸಿ, ಧಾರಾಳವಾಗಿ ನೀರಿಟ್ಟು ಬೇಯಿಸಿ, ಆ ನೀರನ್ನ ಚೆಲ್ಲಿಬಿಡಿ. ಬರೀ ಪಲ್ಯ ಕೊಡಿ."

"ಕಟ್ಟು ಚೆಲ್ಬೇಕಾ?" ಎಂದಳು ಗಂಗಲಕ್ಷ್ಮಮ್ಮ.

"ಚೆಲ್ಲಲೇಬೇಕು."

ಕೇಳಿಸಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿಯೇ ಕೇಳಿಸಿತು. ನಂಬಲಿಲ್ಲ, ಅಷ್ಟೇ. ಲೋಕವೆಲ್ಲ ಮುದ್ದೆ ತಿನ್ನಿ, ಸೊಪ್ಪು ತಿನ್ನಿ, ಕಾಳು ತಿನ್ನಿ ಎಂದು ಬಡಕೊಳ್ಳುವಾಗ, ಮುದ್ದೆ ಬೇಡ ಬಿಳಿ ಅನ್ನ ಕೊಡಿ, ಸೊಪ್ಪಿನ ಸಾರ ಚೆಲ್ಲಿ ಚರಟ ಕೊಡಿ ಎನ್ನುವ ಈ ಹುಡುಗಿಗೆ ಮದುವೆಯಾದರೂ ಆಗಿದೆಯೋ ಇಲ್ಲವೋ! ಮಗ್ಗ ನಿಂತು ಮನೆಯಲ್ಲಿ ಏನೂ ಇಲ್ಲದ ಕಾಲದಲ್ಲಿ ಇದೇ ನಂದನನ್ನು ಬೇಲಿ ಸೊಪ್ಪಿನ ಬಸ್ಸಾರು ಹಾಕಿಯೇ ಅವಳು ಬೆಳೆಸಿದ್ದು.

ಸೊಸೆ ವಾಣಿ ಮಾತ್ರ ನಂಬಿದಳು. ಪಥ್ಯದ ಚೀಟಿಯನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದಳು. ಉಪ್ಪನ್ನು ಅರ್ಧಕ್ಕಿಳಿಸಿದಳು, ಉಪ್ಪಿನಕಾಯಿ, ಹಪ್ಪಳದ ಡಬ್ಬಗಳನ್ನು ಅಕ್ಕಪಕ್ಕದವರಿಗೆ ಕೊಟ್ಟಳು. ಆಲೂಗೆಡ್ಡೆ, ಎಳನೀರು ಕಣ್ಣಿಗೆ ಬೀಳದಂತೆ ಮಾಡಿದಳು. ಸಪ್ಪೆ ಪಲ್ಯಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕುವುದು, ಮೆಣಸು ಕುಟ್ಟಿ ಉದುರಿಸುವುದು, ಕೊನೆಗೆ ಎರಡು ತೊಟ್ಟು ನಿಂಬೆ ಹಿಂಡುವುದು ಎಲ್ಲ ಮಾಡಿಮಾಡಿ ಕಲಿತಳು. ಮನೆಗೆಲ್ಲ ಒಂದೇ ಅಡುಗೆ ಎಂದಳು. ಮಗಳು ಮೇಘನ ತುಮಕೂರಿನ ಹಾಸ್ಟೆಲಿನಲ್ಲಿದ್ದಳು, ಮನೆಯಲ್ಲಿ ಇದ್ದವರು ಮೂರೇ ಜನ. ಗಂಡ ಸಪ್ಪೆ ತಿನ್ನುವಾಗ ಪಕ್ಕದಲ್ಲಿ ಕೂತು ಸಾರು ಸುರಿದುಕೊಳ್ಳುವುದು ತನ್ನಿಂದಾಗದು ಎಂಬುದು ಅವಳ ಹಟ.

ಕಟ್ಟು ಚೆಲ್ಲುವ ಕೆಲಸ ಅತ್ತೆಯ ಪಾಲಿಗೆ ಬಂದದ್ದಕ್ಕೂ ಒಂದು ಕಾರಣವಿತ್ತು. ಕುದಿಯುವ ನೀರನ್ನು ಹಾಗೇ ನೆಲಕ್ಕೆ ಸುರಿಯಬಾರದೆಂಬುದು ಆ ಮನೆಯ ನೇಮ. ಇರುವೆ, ಎರೆಹುಳು ಸಾಯುತ್ತವೆ, ಭೂಮಿತಾಯಿಗೆ ಉರಿಯುತ್ತದೆ. ವಾಣಿ ಹತ್ತು ಗಂಟೆಗೆ ಸೀರೆಗೆ ಕುಚ್ಚು ಹಾಕುವ ಕೆಲಸಕ್ಕೆ ಹೋಗಿ ಎರಡಕ್ಕೆ ಬರುತ್ತಿದ್ದಳು. ಹೋಗುವ ಮುಂಚೆ ಸೊಪ್ಪು ಬಸಿದು, ಕಟ್ಟಿನ ಪಾತ್ರೆಯನ್ನು ಹಿತ್ತಲಿನ ಒಗೆಯೋ ಕಲ್ಲಿನ ಮೇಲಿಟ್ಟು, "ಆರಿದ್ಮೇಲೆ ಚೆಲ್ಬಿಡಿ ಅತ್ತೆ" ಎನ್ನುತ್ತಿದ್ದಳು. ಬಂದ ಕೂಡಲೇ, "ಚೆಲ್ಲಿದ್ರಾ ಅತ್ತೆ?" ಎನ್ನುತ್ತಿದ್ದಳು.

"ಹೂಂ" ಎನ್ನುತ್ತಿದ್ದಳು ಗಂಗಲಕ್ಷ್ಮಮ್ಮ. ನಾಲ್ಕು ತಿಂಗಳು ಆ ಹೂಂ ನಿಜವೇ ಆಗಿತ್ತು.

ಕೆಟ್ಟದ್ದು ಯುಗಾದಿಯ ದಿನ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ವಾಣಿ, ಆ ಕಟ್ಟನ್ನೂ ಕಲ್ಲಿನ ಮೇಲಿಟ್ಟಳು. ಯುಗಾದಿಯಲ್ಲಿ ಒಬ್ಬಟ್ಟಿನ ಸಾರಿಲ್ಲದ ಮನೆ ಉಂಟೆ? ಸೂತಕದ ಮನೆಯೂ ಅಲ್ಲ, ಏನೂ ಅಲ್ಲ. ನಂದಕುಮಾರ ಎಲೆಯ ಮುಂದೆ ಕೂತ. ಅವನ ಪಾಲಿಗೆ ಅಳೆದು ಹಾಕಿದ್ದ ಅರ್ಧ ಒಬ್ಬಟ್ಟನ್ನು ಚೂರುಚೂರು ಮಾಡಿ ತಿಂದ. ಅನ್ನದ ಮೇಲೆ ಸಾರು ಬೀಳಬಹುದೇನೋ ಎಂಬಂತೆ ಒಂದು ಗಳಿಗೆ ಕೈ ತಡೆದ. ಆಮೇಲೆ ತಿಳಿ ಮಜ್ಜಿಗೆ ಹಾಕಿಸಿಕೊಂಡು ಎದ್ದುಹೋದ. ಗಂಗಲಕ್ಷ್ಮಮ್ಮ ತನ್ನ ಪಾಲಿನ ಒಬ್ಬಟ್ಟನ್ನು ಮುಟ್ಟಲಿಲ್ಲ.

ಮಾರನೇ ದಿನ ವಾಣಿ ಅತ್ತ ಹೋದ ಮೇಲೆ ಅವಳು ಕಲ್ಲಿನ ಮೇಲಿದ್ದ ಕಟ್ಟನ್ನು ಒಳಗೆ ತಂದಳು. ಈರುಳ್ಳಿ ಸುಟ್ಟಳು. ಬೆಳ್ಳುಳ್ಳಿ, ಮೆಣಸು ಹಾಕಿ ರುಬ್ಬಿದಳು. ಸಾಸಿವೆ ಸಿಡಿದ ಘಮ ಮಗ್ಗವಿದ್ದ ಮುಂದಿನ ಕೋಣೆಗೆ ಹೋಗುತ್ತಲೇ ಮಗ್ಗದ ಸದ್ದು ನಿಂತಿತು. ನಂದಕುಮಾರ ಬಾಗಿಲಲ್ಲಿ ಬಂದು ನಿಂತ.

"ಏನಮ್ಮಾ ಇದು?"

"ಒಂದೇ ಒಂದು ಲೋಟ ಕಣೋ. ಏನೂ ಆಗಲ್ಲ, ಕುಡಿ."

ಅವನು ಲೋಟವನ್ನು ಎರಡು ಕೈಯಲ್ಲೂ ಹಿಡಿದು, ಕಣ್ಣು ಮುಚ್ಚಿ ಕುಡಿದ. ಕುಡಿದು, "ವಾಣಿಗೆ ಹೇಳ್ಬೇಡಮ್ಮ" ಎಂದ. ಅವತ್ತು ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿ, "ಚೆಲ್ಲಿದ್ರಾ?" ಎಂದ ಸೊಸೆಗೆ ಗಂಗಲಕ್ಷ್ಮಮ್ಮ ಹೂಂ ಎಂದಳು. ನಾಲಿಗೆ ತಡವರಿಸಲೂ ಇಲ್ಲ. ಒಂದು ಲೋಟ ಎಂದವಳು ನಾಳೆ ಇನ್ನೊಂದು ಎಂದಳು, ಅದು ದಿನದ ರೂಢಿಯಾಯಿತು.

ಆ ತಿಂಗಳ ರಕ್ತ ಪರೀಕ್ಷೆಯಲ್ಲಿ ಐದು ದಾಟಬಾರದ ಪೊಟ್ಯಾಶಿಯಂ ಐದೂವರೆಗೆ ಬಂತು. ವಾಣಿ ಕಂಗಾಲಾದಳು. ಚೀಟಿಯನ್ನು ಮತ್ತೆ ಮತ್ತೆ ಓದಿದಳು. ಸೊಪ್ಪನ್ನು ಇನ್ನೂ ಸಣ್ಣಗೆ ಹೆಚ್ಚಿದಳು, ಎರಡು ಸಲ ನೆನೆಸಿದಳು. ನಂದಕುಮಾರನಿಗೆ ಇಷ್ಟವೆಂದು ಪಲ್ಯಕ್ಕೆ ಹಾಕುತ್ತಿದ್ದ ಅರ್ಧ ಟೊಮ್ಯಾಟೊ ನಿಲ್ಲಿಸಿದಳು. ಮುಂದಿನ ತಿಂಗಳು ಆರು. ವಾಣಿ ವಾರಕ್ಕೊಂದು ಸಲ ಕೊಡುತ್ತಿದ್ದ ಪುಟ್ಟ ಮುದ್ದೆಯನ್ನೂ ನಿಲ್ಲಿಸಿದಳು. ಕಾಫಿಯನ್ನೂ ಕಿತ್ತುಕೊಂಡಳು. ಗಂಡನ ತಟ್ಟೆ ನೋಡಿಕೊಂಡು ಒಲೆಯ ಮುಂದೆ ನಿಂತು ಅಳುತ್ತಿದ್ದಳು. ಗಂಗಲಕ್ಷ್ಮಮ್ಮನಿಗೆ ಒಳಗೊಳಗೇ ಅಳುಕು ಶುರುವಾಯಿತು. ಆದರೆ ಬಿಸಿಲು ಕಾಲ, ರಕ್ತ ಕೆಡುವುದು ಸಹಜ ಎಂದು ತನಗೆ ತಾನೇ ಹೇಳಿಕೊಂಡಳು. ತಟ್ಟೆ ಅಷ್ಟು ಬರಿದಾಗಿರುವಾಗ ಆ ಒಂದು ಲೋಟವನ್ನೂ ನಿಲ್ಲಿಸುವುದು ಹೇಗೆ? ಅಳುಕಿದ್ದೂ ಕೊಟ್ಟಳು. ಹೆತ್ತ ಕರುಳಿನ ದಡ್ಡತನಕ್ಕೆ ಏನು ಹೇಳೋಣ.

ಮೇ ತಿಂಗಳ ಒಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ ಮಗ್ಗದ ಸದ್ದು ನಿಂತಿತು. ಸಾರಿಗೆ ಬರುತ್ತಾನೆಂದು ಗಂಗಲಕ್ಷ್ಮಮ್ಮ ಲೋಟ ತುಂಬಿಟ್ಟಳು. ಬರಲಿಲ್ಲ. ಹೋಗಿ ನೋಡಿದರೆ ಮಗ ಮಗ್ಗದ ಪಕ್ಕ ನೆಲದ ಮೇಲೆ ಕೂತಿದ್ದ.

"ಕಾಲು ಎತ್ತಕ್ಕೆ ಆಗ್ತಿಲ್ಲಮ್ಮ" ಎಂದ. "ಎದೆ ಒಂಥರಾ ಹೊಡ್ಕೊತೈತೆ."

ಆಮೇಲಿನದೆಲ್ಲ ಓಟ. ವಾಣಿ ಕೆಲಸದಿಂದಲೇ ಓಡಿ ಬಂದಳು. ಊರಿನ ನರ್ಸಿಂಗ್ ಹೋಮಿನಲ್ಲಿ ಇಸಿಜಿ ನೋಡಿದವರು ಒಂದು ಇಂಜೆಕ್ಷನ್ ಚುಚ್ಚಿ ತಕ್ಷಣ ಆಂಬುಲೆನ್ಸ್ ಹತ್ತಿಸಿದರು. ಬೆಂಗಳೂರಿನಲ್ಲಿ ಡಯಾಲಿಸಿಸ್‌ಗೆ ಹಾಕಿದರು. ಪೊಟ್ಯಾಶಿಯಂ ಏಳು ದಾಟಿತ್ತು. ಸಂಜೆ ಹೊತ್ತಿಗೆ ನಂದಕುಮಾರ ಕಣ್ಣು ಬಿಟ್ಟು ಮಾತಾಡುವಂತಾದ.

ಡಾಕ್ಟರು ನೇರವಾಗಿ ವಾಣಿಯ ಕಡೆ ತಿರುಗಿದರು. "ಏನಮ್ಮ, ಏನು ತಿನ್ನಿಸ್ತಿದ್ದೀರ ಮನೇಲಿ? ಚೀಟಿ ಕೊಟ್ಟಿಲ್ವಾ? ಇನ್ನೊಂದು ಗಂಟೆ ತಡ ಆಗಿದ್ರೆ ಇವರು ಉಳೀತಿರ್ಲಿಲ್ಲ."

ವಾಣಿ ಒಂದೊಂದಾಗಿ ಹೇಳತೊಡಗಿದಳು. ಅನ್ನ ಇಷ್ಟು, ಪಲ್ಯ ಇಷ್ಟು, ಎರಡು ಸಲ ನೆನೆಸಿದೆ, ನೀರು ಬಸಿದೆ. ಗಂಗಲಕ್ಷ್ಮಮ್ಮ ಗೋಡೆಗೆ ಒರಗಿ ನಿಂತಿದ್ದಳು.

ಮಂಚದ ಮೇಲಿಂದ ನಂದಕುಮಾರ ಹೇಳಿದ, "ಅವಳದ್ದೇನೂ ತಪ್ಪಿಲ್ಲ ಡಾಕ್ಟ್ರೇ. ನಾನೇ ಬಸ್‌ಸ್ಟ್ಯಾಂಡ್ ಹತ್ರ ಎಳನೀರು ಕುಡೀತಿದ್ದೆ. ದಿನಾ."

ಹೇಳಿ, ಅಮ್ಮನ ಕಡೆ ನೋಡದೆ ಕಣ್ಣು ಮುಚ್ಚಿಕೊಂಡ.

ವಾಣಿ ಹೊರಗೆ ಬಂದು ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟಳು. "ಅರ್ಧ ಟೊಮ್ಯಾಟೊನೂ ಕಿತ್ಕೊಂಡೆ ಅತ್ತೆ. ನನ್ನ ಕೈ ಅಡಿಗೇಲೇ ಏನೋ ದೋಷ ಐತೆ ಅಂದ್ಕೊಂಡು. ಇವರು ನೋಡಿದ್ರೆ ಬೀದೀಲಿ ನಿಂತು ಎಳನೀರು ಕುಡೀತಾ ಇದ್ರಂತೆ. ನನ್ನ ಮೇಲೆ ಅಷ್ಟೂ ಕನಿಕರ ಇಲ್ವಾ ಇವ್ರಿಗೆ?"

ಮಗ ಹೊದಿಸಿದ ಸುಳ್ಳಿನ ಮರೆಯಲ್ಲಿ ಗಂಗಲಕ್ಷ್ಮಮ್ಮ ಸುಮ್ಮನಿದ್ದುಬಿಡಬಹುದಿತ್ತು. ನೋಡಿದವರಿಲ್ಲ, ಕೇಳುವವರಿಲ್ಲ. ಆದರೆ ಸೊಸೆಯ ಬೆರಳುಗಳ ಮೇಲೆ ಕಣ್ಣು ಬಿತ್ತು. ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚಲು ಹೋಗಿ ಎರಡು ಬೆರಳಿಗೆ ಈಳಿಗೆ ತಾಗಿ ಗಾಯವಾಗಿತ್ತು.

"ಎಳನೀರಲ್ಲ ಕಣಮ್ಮ" ಎಂದಳು. "ಕಟ್ಟು. ನಾನೇ ಸಾರು ಮಾಡಿ ಕೊಡ್ತಿದ್ದೆ. ಅವ್ನು ನನ್ನ ಉಳಿಸಕ್ಕೆ ಸುಳ್ಳು ಹೇಳ್ತಾವ್ನೆ."

ವಾಣಿ ತಲೆಯೆತ್ತಿದಳು. "ಎಷ್ಟು ದಿನದಿಂದ?"

"ಯುಗಾದಿ ಮಾರನೇ ದಿನದಿಂದ."

"ನಾನು ದಿನಾ ಕೇಳ್ತಿದ್ದೆ. ಚೆಲ್ಲಿದ್ರಾ ಅತ್ತೆ ಅಂತ ದಿನಾ ಕೇಳ್ತಿದ್ದೆ."

"ಹೂಂ ಅಂತಿದ್ದೆ."

ವಾಣಿ ಕಿರುಚುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದು ಗಂಗಲಕ್ಷ್ಮಮ್ಮ ಕಾದಳು. ಹಾಗೆ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಎದ್ದು, ಸೀರೆ ಕೊಡವಿಕೊಂಡು, ಗಂಡನ ಹತ್ತಿರ ಹೋಗಿ ಕೂತಳು.

ಮನೆಗೆ ಬಂದ ಮೇಲೂ ಸೊಸೆ ಮಾತಾಡಲಿಲ್ಲ. ಕೆಲಸಕ್ಕೆ ಹೋಗುವುದನ್ನೂ ಬಿಟ್ಟಳು. ಬೆಳಗ್ಗೆ ಸೊಪ್ಪು ಬೇಯಿಸಿ, ಪಾತ್ರೆಯನ್ನು ನೇರವಾಗಿ ಹಿತ್ತಲಿಗೆ ಒಯ್ದು, ಕೊತಕೊತ ಕುದಿಯುವ ಕಟ್ಟನ್ನು ಹಾಗೇ ಚರಂಡಿಗೆ ಸುರಿಯುತ್ತಿದ್ದಳು. ಆವಿ ಮುಖಕ್ಕೆ ಹೊಡೆಯುತ್ತಿತ್ತು. ಚರಂಡಿಯ ಅಂಚಿನಲ್ಲಿ ಇರುವೆಗಳು ಸತ್ತು ಬೀಳುತ್ತಿದ್ದವು. ಮನೆಯ ನೇಮ ಮುರಿಯುವುದನ್ನು ಗಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಎನ್ನುವ ಬಾಯಿ ಅವಳಿಗಿರಲಿಲ್ಲ.

ಮೂರು ವಾರ ಕಳೆಯಿತು. ಇನ್ನೂ ರಜೆ ಹಾಕಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆಂದು ವಾಣಿ ಕುಚ್ಚು ಹಾಕುವ ಅಂಗಡಿಯಿಂದ ಫೋನು ಬಂತು. ಅವತ್ತು ವಾಣಿ ಸೊಪ್ಪು ಬಸಿಯುವ ಹೊತ್ತಿಗೆ ಹತ್ತು ದಾಟಿತ್ತು. ಪಾತ್ರೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದವಳು ನಿಂತಳು. ಅತ್ತೆಯ ಮುಖವನ್ನು ನೋಡಿದಳು, ತುಂಬ ಹೊತ್ತು. ಆಮೇಲೆ ಪಾತ್ರೆಯನ್ನು ಒಗೆಯೋ ಕಲ್ಲಿನ ಮೇಲಿಟ್ಟಳು.

"ಆರಿದ್ಮೇಲೆ ಚೆಲ್ಲಿ" ಎಂದಳು. ಅತ್ತೆ ಎನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಗಂಗಲಕ್ಷ್ಮಮ್ಮ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ದಂಟಿನ ಸೊಪ್ಪಿನ ಕಟ್ಟು, ಕೆಂಪಗೆ, ಹೊಗೆಯಾಡುತ್ತಿತ್ತು. ಬೆನ್ನ ಹಿಂದೆ ಮಗನ ಹೆಜ್ಜೆಯ ಸದ್ದಾಯಿತು. ಸೊರಗಿ ಕಡ್ಡಿಯಾಗಿದ್ದ, ಷರ್ಟು ಜೋತಾಡುತ್ತಿತ್ತು.

"ಅಮ್ಮ" ಎಂದ. ದನಿ ಐದು ವರ್ಷದ ಮಗುವಿನದು. "ಬಾಯೆಲ್ಲ ಕೆಟ್ಟೋಗೈತೆ. ಅರ್ಧ ಲೋಟ ಮಾಡ್ಕೊಡು. ಅರ್ಧಕ್ಕೆ ಏನೂ ಆಗಲ್ಲ."

ಊಟದ ವಿಷಯಕ್ಕೆ ಅವಳು ಈ ಮಗನಿಗೆ ಯಾವತ್ತೂ ಇಲ್ಲ ಎಂದವಳಲ್ಲ. ಮನೆಯಲ್ಲಿ ಏನೂ ಇಲ್ಲದ ಕಾಲದಲ್ಲೂ ಇಲ್ಲ ಎಂದಿರಲಿಲ್ಲ. ಈಗ ಪಾತ್ರೆಯ ಕಡೆ ನೋಡಿದಳು. ಆರುವುದಕ್ಕೆ ಇನ್ನೂ ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆ ಅವನು ಹೀಗೇ ಬಾಗಿಲಲ್ಲಿ ನಿಂತಿದ್ದರೆ ತಾನು ತಡೆಯಲಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೆರಗಿನಿಂದ ಪಾತ್ರೆಯ ಕಂಠ ಹಿಡಿದು ಎತ್ತಿದಳು. ಭೂಮಿತಾಯಿ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಹೊಗೆಯಾಡುವ ಕಟ್ಟನ್ನು ಒಂದೇ ಸಲಕ್ಕೆ ಚರಂಡಿಗೆ ಬಗ್ಗಿಸಿದಳು.

ಒಳಗೆ ಹೋಗಿ ತಟ್ಟೆಗೆ ಅನ್ನ, ಪಲ್ಯ ಹಾಕಿ ಅವನ ಮುಂದಿಟ್ಟಳು. ಅವನು ಒಂದು ತುತ್ತು ತಿಂದು ನಿಲ್ಲಿಸಿದ.

"ರುಚಿ ಇಲ್ಲಮ್ಮ."

"ಇಲ್ಲ" ಎಂದಳು ಗಂಗಲಕ್ಷ್ಮಮ್ಮ. "ತಿನ್ನು." ಅವನು ತಟ್ಟೆ ಖಾಲಿ ಮಾಡುವವರೆಗೂ ಎದುರಿಗೇ ಕೂತಿದ್ದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

ಎರಡು ಗಂಟೆಗೆ ವಾಣಿ ಬಂದಳು. ಬ್ಯಾಗನ್ನೂ ಇಳಿಸದೆ ನೇರ ಹಿತ್ತಲಿಗೆ ಹೋದಳು. ತೊಳೆದ ಪಾತ್ರೆ ಕಲ್ಲಿನ ಮೇಲೆ ಬೋರಲಾಗಿತ್ತು. ಅದನ್ನು ಎತ್ತಿ ಮೂಸಿ ನೋಡಿದಳು. ಕಟ್ಟು ಕದ್ದು ಸಾರಾಗುತ್ತಿದ್ದ ದಿನಗಳಲ್ಲೂ ಆ ಪಾತ್ರೆ ಹೀಗೇ ತೊಳೆದು ಬೋರಲಾಗಿರುತ್ತಿತ್ತು.

"ಚೆಲ್ಲಿದ್ರಾ?" ಎಂದಳು.

ಭೂಮಿಯ ಮೇಲೆ ಆಣೆ ಇಡೋಣವೆನ್ನಿಸಿತು ಗಂಗಲಕ್ಷ್ಮಮ್ಮನಿಗೆ, ಮಗನ ತಲೆ ಮುಟ್ಟಿ ಹೇಳೋಣವೆನ್ನಿಸಿತು. ಆದರೆ ಅವಳ ಹತ್ತಿರ ಇದ್ದದ್ದು ಹಳೆಯದೇ ಒಂದು ಮಾತು.

"ಹೂಂ" ಎಂದಳು.

ವಾಣಿ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದಳು. ರಕ್ತ ಪರೀಕ್ಷೆಗೆ ಇನ್ನೂ ಒಂಬತ್ತು ದಿನವಿತ್ತು.