ಹಡಗಿನ ಸೀಟಿ

ಕಂಪ್ಯೂಟರ್ ಸೀಟಿ ಊದಿದ್ದೇ ತಡ, ಅಕ್ಕನ ಚಿಮಟದಲ್ಲಿದ್ದ ಹಲ್ಲು ಜಾರಿ ಮೇಜಿನ ಕೆಳಗೆ ಉರುಳಿತು.

"ಬಂತಾ?" ಪಕ್ಕದಲ್ಲಿ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದ ಮೀಸೆಯವನು ಕೈ ನಿಲ್ಲಿಸಿದ.

ಓದುತ್ತಿದ್ದಂತೆ ಅವಳ ಮುಖ ಕೆಂಪೇರಿತು. "ಹಡಗಿನ ಕಂಪನಿಯವರು, ನಮ್ಮ ಸೇವೆ ಹೇಗಿದೆ ಅಂತ ಕೇಳ್ತಿದಾರೆ. ಇವರ ಮನೆ ಹಾಳಾಗ!"

ಕಟ್ಟುಹಲ್ಲು ಮಾಡುವ ಆ ಕೋಣೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ನಿಜಕ್ಕೂ ಅಕ್ಕ ಎನ್ನಬೇಕಾದವನು ಸಮುದ್ರದ ಮೇಲಿದ್ದ. ಅವಳ ತಮ್ಮ ಅಡುಗೆಯವನಾಗಿದ್ದ ಸರಕಿನ ಹಡಗು ಬಿರುಗಾಳಿಗೆ ಸಿಕ್ಕಿದ ಮೇಲೆ ಸುದ್ದಿಯೇ ಇರಲಿಲ್ಲ. ಫೋನ್ ಮಾಡಿದರೆ ಹಡಗಿನ ಕಂಪನಿಯವರದು ಒಂದೇ ಪಾಠ: ಏನಿದ್ದರೂ ಇಮೇಲ್ ಕಳಿಸುತ್ತೇವೆ.

ಅವಳ ಇಮೇಲ್ ಪೆಟ್ಟಿಗೆಯೋ ದೊಡ್ಡ ಸಂತೆ. ದಂತವೈದ್ಯರ ಅಳತೆ, ಚಪ್ಪಲಿ ಅಂಗಡಿಯ ರಿಯಾಯಿತಿ, ಎಲ್ಲಕ್ಕೂ ಒಂದೇ ಟಿಣ್. ಪ್ರತಿ ಸಲವೂ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ನೋಡುತ್ತಿದ್ದಳು. ಅದಕ್ಕೇ ಫಿಲ್ಟರ್ ಹಾಕಿದಳು: ಕಂಪನಿಯಿಂದ ಬಂದದ್ದು ಬೇರೆ ಕಪಾಟಿಗೆ ಹೋಗಬೇಕು. ಆ ಕಪಾಟನ್ನು ಆಗಾಗ ಇಣುಕಿ, ಹೊಸದಿದ್ದರೆ ಸೀಟಿ ಊದುವ ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟನ್ನು ತಪ್ಪು ಮಾಡಿ, ತಿದ್ದಿ, ತಾನೇ ಬರೆದಳು. ಉಳಿದದ್ದೆಲ್ಲ ಮೂಕ.

ಈಗ ಸೀಟಿಯೂ ಸುಳ್ಳಾಡಿತ್ತು. ಹಡಗಿನ ಹೆಸರಿದ್ದರೆ ಮಾತ್ರ ಊದು ಎಂದು ಫಿಲ್ಟರನ್ನು ಬಿಗಿ ಮಾಡಿದಳು. ಹಲ್ಲು ಹೆಕ್ಕಿಕೊಂಡು ಕೂತಳು. ಅವರು ಹೆಸರು ಬರೆಯಲು ಮರೆತರೆ ಎಂಬ ಹುಳ ತಲೆ ಹೊಕ್ಕಿತು; ಎದ್ದು ಸಡಿಲಿಸಿದಳು. ಮತ್ತೆ ಬಿಗಿ, ಮತ್ತೆ ಸಡಿಲು.

"ಅಕ್ಕಾ, ಅದು ಫಿಲ್ಟರೋ, ಪೈಜಾಮದ ಲಾಡಿಯೋ?"

ಅವಳು ನಗಲಿಲ್ಲ. ಮೀಸೆಯವನು ತೆಪ್ಪಗೆ ಪ್ಲಾಸ್ಟರ್ ಕಲಸತೊಡಗಿದ.

ಅಷ್ಟರಲ್ಲಿ ಅಮ್ಮನ ಫೋನ್. "ಏನಾದ್ರೂ ಗೊತ್ತಾಯ್ತಾ?"

"ಗೊತ್ತಾದ್ರೆ ಹೇಳಲ್ವಾ? ಗಳಿಗೆಗೊಂದ್ಸಲ ಕೇಳಬೇಡ!" ಫೋನ್ ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು.

ಕೆಲಸ ಸಾಗಲಿಲ್ಲ. ಸೀಟಿಯೇ ಕೆಟ್ಟಿರಬಹುದೇ? ತನಗೆ ತಾನೇ ಒಂದು ಇಮೇಲ್ ಕಳಿಸಿ ನೋಡೋಣವೆಂದು ಇಡೀ ಪೆಟ್ಟಿಗೆ ತೆರೆದಳು. ಒಂದು ದವಡೆಯ ಅಳತೆಗೂ ಚಪ್ಪಲಿ ಅಂಗಡಿಗೂ ನಡುವೆ ಗುರುತಿಲ್ಲದ ವಿಳಾಸವೊಂದು ಬೆಳಗಿನಿಂದ ಬಾಯಿಮುಚ್ಚಿಕೊಂಡು ಕೂತಿತ್ತು.

'ಅಕ್ಕಾ, ನಾನು. ಬಂದರು ಸೇರಿದ್ವಿ, ಎಲ್ಲರೂ ಕ್ಷೇಮ. ನನ್ನ ಫೋನ್ ಸಮುದ್ರದ ಪಾಲು. ಇದು ಇಲ್ಲಿನ ಕ್ಷೌರದಂಗಡಿಯವರ ಇಮೇಲ್. ಅಮ್ಮಂಗೆ ಹೇಳು.'

ನಿಂತೇ ಓದಿದಳು. ಓದಿದ್ದನ್ನೇ ಮತ್ತೆ ಓದಿದಳು. ಹಲ್ಲು ಕೂರಿಸುವ ಮೇಣ ಮೆತ್ತಿದ ಬೆರಳಲ್ಲೇ ಅಮ್ಮನ ನಂಬರ್ ಒತ್ತಿ ಕಿಟಕಿಯ ಕಡೆ ನಡೆದಳು. ಹಿಂದೆ ಸೀಟಿ ಊದಿತು.

ಮೀಸೆಯವನು ಬಗ್ಗಿ ಓದಿ, ತಡವರಿಸಿದ. "ಅಕ್ಕಾ... ಕಂಪನಿಯವರಿಗೆ ಹಡಗಿನ ಬಗ್ಗೆ ಇನ್ನೂ ಮಾಹಿತಿ ಇಲ್ಲವಂತೆ. ವಿಷಾದಿಸ್ತಾರಂತೆ."

ಅವಳು ತಿರುಗದೆಯೇ ಸುಮ್ಮನಿರು ಎಂದು ಕೈಯಾಡಿಸಿದಳು. "ಅಮ್ಮಾ, ದಡ ಸೇರಿದಾನೆ. ಚೆನ್ನಾಗಿದಾನೆ."

ಆ ಕಡೆ ಬರೀ ನಲ್ಲಿಯ ನೀರು ಪಾತ್ರೆಗೆ ಬೀಳುವ ಸದ್ದು. ಪಾತ್ರೆ ತುಂಬಿತು, ಹೊರಚೆಲ್ಲಿತು. ನಲ್ಲಿ ಹರಿಯುತ್ತಲೇ ಇತ್ತು.