ಹೂವಿಲ್ಲದಾಗ ಕಿತ್ತ ಸೊಪ್ಪು

ಕೆಮ್ಮು, ನೆಗಡಿ ಅಂದರೆ ಆ ಮನೆಯಲ್ಲಿ ಆಸ್ಪತ್ರೆಯ ಮಾತೆತ್ತುವಂತಿರಲಿಲ್ಲ. ಅಮ್ಮನೇ ಡಾಕ್ಟರು, ಅಮ್ಮನೇ ಕಂಪೌಂಡರು. ಹಿಂದಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ವರ್ಷ ವರ್ಷವೂ ತಾನಾಗಿ ಚಿಗುರುವ ಕೆಮ್ಮಿನ ಸೊಪ್ಪು ತಂದು ಕುದಿಸಿ ಕೊಟ್ಟರೆ ಮುಗಿಯಿತು. ಈ ಸಲ ಲಾರಿ ಓಡಿಸುವ ಮಗನಿಗೂ ಬೆಳಗ್ಗೆ ಹಾಗೇ ಕಷಾಯ ಕುಡಿಸಿದ್ದಳು.

ಮಧ್ಯಾಹ್ನಕ್ಕೆ ಮಗ ವಾಂತಿ ಮಾಡಿ ಮಾಡಿ ಗೋಡೆಗೊರಗಿದ.

“ಅಮ್ಮಾ, ಗೋಡೆಗೆ ಯಾವಾಗ ಹಳದಿ ಹೊಡೆಸಿದ್ದು?”

ಗೋಡೆ ಬೆಳ್ಳಗೇ ಇತ್ತು.

ಸೊಸೆ ಓಡಿಹೋಗಿ ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು. ಅಷ್ಟರಲ್ಲಿ ಅಮ್ಮ ಉಪ್ಪುನೀರು ಕಲಸಿ ಮಗನ ಬಾಯಿಗೆ ಹಿಡಿದಿದ್ದಳು.

“ಅಯ್ಯೋ ಬೇಡಮ್ಮಾ! ಬಲವಂತವಾಗಿ ವಾಂತಿ ಮಾಡಿಸಿದ್ರೆ ಶ್ವಾಸನಾಳಕ್ಕೆ ಹೋಗಿ ಉಸಿರೇ ಕಟ್ಟಬಹುದು,” ಎಂದು ನರ್ಸಕ್ಕ ಲೋಟ ಕಿತ್ತಿಟ್ಟು ಅವನ ನಾಡಿ ಹಿಡಿದಳು. “ತುಂಬಾ ನಿಧಾನ ಇದೆ. ಆಂಬುಲೆನ್ಸಿಗೆ ಫೋನ್ ಮಾಡು,” ಎಂದು ಸೊಸೆಗೆ ಹೇಳಿ ಅಮ್ಮನತ್ತ ತಿರುಗಿದಳು. “ಏನು ಕೊಟ್ರಿ?”

“ನಾನೇನು ಕೊಡ್ಲಿ? ಹೋಟ್ಲಲ್ಲಿ ಏನು ತಿಂದನೋ ಏನೋ!” ಎಂದು ಅಮ್ಮ ದಬಾಯಿಸಿದಳು. ಊರಿಗೆಲ್ಲ ಮದ್ದು ಹೇಳಿದವಳು. ಸೊಸೆಯ ಮುಂದೆ ತಪ್ಪಾಯಿತು ಎನ್ನಲು ಅವಳಿಗೆ ನಾಲಿಗೆಯೇ ಏಳಲಿಲ್ಲ.

“ಬೈಯೋಕೆ ಕೇಳ್ತಿಲ್ಲಮ್ಮಾ. ಯಾವ ವಿಷ ಅಂತ ಗೊತ್ತಾದ್ರೆ ಡಾಕ್ಟ್ರು ತಕ್ಷಣ ಸರಿಯಾದ ಔಷಧಿ ಶುರು ಮಾಡ್ತಾರೆ. ಹುಡುಕ್ತಾ ಕೂತ್ರೆ ಇವನು ಅಲ್ಲೀವರೆಗೂ ತಡೀತಾನೋ ಇಲ್ವೋ.”

ಮಗ ಕಣ್ಣು ಮುಚ್ಚಿದ. ಮರ್ಯಾದೆ ಹಾಳಾಗಿ ಹೋಗಲಿ ಎಂದು ಅಮ್ಮ ಹಿತ್ತಿಲಿಗೆ ಓಡಿದಳು. ತಿಪ್ಪೆಗೆ ಎಸೆದಿದ್ದ ಸೊಪ್ಪನ್ನು ಬಾಚಿ ತಂದಳು.

“ಕೆಮ್ಮಿನ ಸೊಪ್ಪೇ ಕಣಮ್ಮ ಇದು! ನಂಗೆ ಗೊತ್ತಾಗಲ್ವಾ?”

“ಹೂ ಬಿಟ್ಟಿತ್ತಾ?”

“ಇನ್ನೂ ಎಲ್ಲಿ...” ಅಮ್ಮ ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿದಳು.

“ಅದೇ ಗುಡ್ಡದ ಬಂಡೆ ಸಂದೀಲಿ ಗಂಟೆಯಂಥ ನೇರಳೆ ಹೂವಿನ ಗಿಡಾನೂ ಬೆಳೆಯುತ್ತಲ್ಲಮ್ಮಾ. ಹೂವಿಲ್ಲದಾಗ ಎರಡರ ಎಲೆಯೂ ಒಂದೇ ಥರ. ಆ ಗಿಡ ತಿಂದ್ರೆ ಕಣ್ಣಿಗೆ ಎಲ್ಲಾ ಹಳದಿ ಕಾಣುತ್ತೆ, ಹೃದಯಕ್ಕೇ ಕೈ ಹಾಕುತ್ತೆ.”

ನರ್ಸಕ್ಕ ಸೊಪ್ಪನ್ನು ಚೀಲಕ್ಕೆ ತುಂಬಿಕೊಂಡು ಆಂಬುಲೆನ್ಸ್ ಹತ್ತಿದಳು. ಎಲೆ ನೋಡಿದ ಡಾಕ್ಟರು ಒಂದು ಕ್ಷಣವೂ ತಡಮಾಡಲಿಲ್ಲ. ಮಗ ಉಳಿದ.

ಅಮ್ಮ ಈಗ ಮಹಿಳಾ ಸಂಘದಲ್ಲಿ ತಾನೇ ಎದ್ದು ನಿಂತು ಹೇಳುತ್ತಾಳೆ: “ನಾನು ಸುಳ್ಳು ಹೇಳ್ತಾ ನಿಂತಿದ್ದಷ್ಟು ಹೊತ್ತೂ ನನ್ನ ಮಗನ ಹೃದಯ ನಿಲ್ತಾ ಬಂದಿತ್ತು ಕಣ್ರೇ.”

ಅಕ್ಕಂದಿರೇ, ಅಣ್ಣಂದಿರೇ, ಗುಡ್ಡದ ಗಿಡವನ್ನು ಖಚಿತವಾಗಿ ಗೊತ್ತಿಲ್ಲದೆ ಬಾಯಿಗಿಡಬೇಡಿ. ಯಾರಾದರೂ ತಿಂದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಆ ಗಿಡದ ತುಂಡನ್ನೂ ಹಿಡಿದು ನೇರ ಆಸ್ಪತ್ರೆಗೆ ಓಡಿ. ಕೇಳಿದ್ದಕ್ಕೆ ನಿಜ ಹೇಳಿ. ನಾಚಿಕೊಳ್ಳಲು ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.