ಕಡ್ಜೋ ತಾತನ ಸೂರು

"ಇಳೀಬೇಡ! ಅಲ್ಲೇ ಪ್ಯಾಂಟಲ್ಲೇ ಮಾಡ್ಕೊ. ನನ್ನ ಮನೆ ಕಕ್ಕಸು ನಿನ್ನಂಥೋರಿಗೆ ಕಟ್ಸಿದ್ದಲ್ಲ."

ಹುಲ್ಲುಹಾಸಿನ ಮೇಲೆ ನಿಂತು ಮನೆಯೊಡೆಯ, ಬಿಳಿಯ ಪ್ರುಯಿಟ್ ಸಾಹೇಬ ಕೂಗಿದ. ಏಣಿಯ ಎರಡು ಮೆಟ್ಟಿಲು ಇಳಿದಿದ್ದ ವರ್ಡೆಲ್ ಮತ್ತೆ ಚಾವಣಿ ಹತ್ತಿದಳು. ವಯಸ್ಸು ನಲವತ್ತಾರು, ಅದರಲ್ಲಿ ಹದಿನೆಂಟು ವರ್ಷ ಕಳೆದದ್ದು ಇನ್ನೊಬ್ಬರ ಚಾವಣಿಗಳ ಮೇಲೆ. ಬೆಳಿಗ್ಗೆ ಏಳರಿಂದ ತಡೆದುಕೊಂಡವಳಿಗೆ ಇನ್ನೆರಡು ಗಂಟೆ ತಡೆಯುವುದು ಹೊಸದಲ್ಲ.

"ಏನಂತೆ ಆ ಮುಂಡೇಮಗಂದು?" ಪಕ್ಕದಲ್ಲಿ ಮೊಳೆ ಹೊಡೆಯುತ್ತಿದ್ದ ಐಸಮ್ ಕೇಳಿದ. ಅವಳ ಚಿಕ್ಕಪ್ಪನ ಮಗ.

"ಅವನ ಕಕ್ಕಸಿಗೆ ನನ್ನ ತಿಕ ತಾಗಿದ್ರೆ ಮೈಲಿಗೆಯಂತೆ ಕಣೋ. ಅವನ ತಲೆ ಮೇಲೆ ಬೂಟುಗಾಲಲ್ಲಿ ನಿಂತಿವ್ನಿ, ಅದು ಪರವಾಗಿಲ್ವಂತೆ."

ಸಮುದ್ರಕ್ಕೆ ಮುಖ ಮಾಡಿದ ಆ ಮನೆಗೆ ಪ್ರುಯಿಟ್ ವರ್ಷಕ್ಕೆ ಎರಡು ತಿಂಗಳು ಬರುತ್ತಿದ್ದ. ಕಾಗದದಲ್ಲಿ ಮಾತ್ರ ವರ್ಷವಿಡೀ ಇಲ್ಲೇ ವಾಸ. ಚಂಡಮಾರುತಕ್ಕೆ ಹಾರದಂತೆ ಚಾವಣಿ ಬಿಗಿಸಿಕೊಳ್ಳಲು ಸರ್ಕಾರ ಅಲ್ಲೇ ವಾಸವಿರುವವರಿಗೆ ಮಾತ್ರ ಸಹಾಯಧನ ಕೊಡುತ್ತಿತ್ತು. ಹಳೆಯ ಹೊದಿಕೆ ಕಿತ್ತು, ಹಲಗೆಗೆ ನಾಲ್ಕು ಬೆರಳಗಲಕ್ಕೊಂದರಂತೆ, ಸುಲಭಕ್ಕೆ ಕಿತ್ತುಬರದ ಗೀರುಮೊಳೆ ಹೊಡೆದು, ತೊಲೆಗಳನ್ನು ಗೋಡೆಗೆ ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು. ಆ ಕೆಲಸದಲ್ಲಿ ಇಡೀ ದ್ವೀಪದಲ್ಲಿ ವರ್ಡೆಲ್‌ಗೆ ಸಾಟಿ ಇರಲಿಲ್ಲ.

ಮಧ್ಯಾಹ್ನ ಜಿಲ್ಲೆಯ ಆಡಳಿತ ನೋಡುವ ಕೌಂಟಿ ಕಚೇರಿಯಿಂದ ಲ್ಯಾಂಗ್ಲಿ ಬಂದ. ಸಹಾಯಧನದ ಅರ್ಜಿ ನೋಡುವವನೂ ಅವನೇ, ಕಟ್ಟಡಗಳ ತಪಾಸಣೆಗೆ ಬರುವವನೂ ಅವನೇ. ಮೊಳೆಗಳ ನಡುವೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆದುಕೊಂಡ. "ಭಾರಿ ಅಚ್ಚುಕಟ್ಟು" ಎಂದು, ವರ್ಡೆಲ್ ಮತ್ತು ಐಸಮ್‌ರನ್ನು ಕೂಲಿಗಿಟ್ಟುಕೊಂಡಿದ್ದ ಗುತ್ತಿಗೆದಾರನ ಕೈ ಕುಲುಕಿದ. ಗುತ್ತಿಗೆದಾರ ಅಂದು ಒಂದು ಮೊಳೆಯನ್ನೂ ಮುಟ್ಟಿರಲಿಲ್ಲ.

"ಸಾಹೇಬ್ರೆ, ನಮ್ಮ ಮನೆ ಅರ್ಜಿ?" ವರ್ಡೆಲ್ ಮೇಲಿಂದಲೇ ಕೇಳಿದಳು.

"ಮಂಗಳವಾರ ಬಾ. ಮನೆ ಯಜಮಾನನ್ನೂ ಕರ್ಕೊಂಡು ಬಾ."

ಮಂಗಳವಾರ ಅವಳು ಒಬ್ಬಳೇ ಹೋದಳು.

"ಮನೆ ಯಾರದ್ದು?" ಲ್ಯಾಂಗ್ಲಿ ಕೇಳಿದ.

"ನಮ್ದು."

"ನಮ್ದು ಅಂದ್ರೆ?"

"ನಮ್ಮವ್ವ ರೋಸೆಟ್ಟಾ ಇರೋ ಮನೆ. ನಾನು ಹುಟ್ಟಿದ್ದೂ ಅಲ್ಲೇಯ."

"ನಿನ್ನ ಪುರಾಣ ಬೇಡ. ದಾಖಲೇಲಿ ಕಡ್ಜೋ ಮಿಡಲ್ಟನ್ ಅಂತಿದೆ. ಎಲ್ಲಿ ಅವನು?"

"ನಮ್ಮ ಮುತ್ತಾತ. ಸತ್ತು ತೊಂಬತ್ತು ವರ್ಷ ಆಯ್ತು."

ಸಾಲಿನಲ್ಲಿ ನಿಂತಿದ್ದವರು ಕಿಸಕ್ಕನೆ ನಕ್ಕರು.

ಅವಳ ಜನ ಉಯಿಲು ಬರೆದವರಲ್ಲ. ಉಯಿಲು ಬರೆಯುವುದೆಂದರೆ ಸಾವಿಗೆ ತಾವಾಗಿ ಬಾಗಿಲು ತೆರೆದಂತೆ ಎಂದು ಹಿರಿಯರು ಹೆದರುತ್ತಿದ್ದರು. ಅದೂ ಅಲ್ಲದೆ, ಕಡ್ಜೋನ ಕಾಲದಲ್ಲಿ ಕಾಗದ ಮಾಡಿಸಲು ಕೋರ್ಟಿಗೆ ಹೋದ ಕರಿಯರು ಜಮೀನು ಕಳೆದುಕೊಂಡೇ ಮನೆಗೆ ಬರುತ್ತಿದ್ದರು. ಹಾಗಾಗಿ ಮುದುಕ ಸಾಯುವಾಗ ಬಾಯಿಮಾತಲ್ಲೇ ಹೇಳಿದ: ನನ್ನ ವಂಶದಲ್ಲಿ ಹುಟ್ಟಿದವರಿಗೆಲ್ಲ ಇದು ಮನೆ, ಮಾರುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಕಾಗದ ಇದ್ದವರು ಮಾರಿದ ನೆಲವನ್ನೆಲ್ಲ ಗಾಲ್ಫ್ ಮೈದಾನಗಳು ನುಂಗಿದವು, ಇದೊಂದು ಉಳಿಯಿತು. ಉಳಿಸಿದ ಆ ಮಾತೇ ಈಗ ಕಚೇರಿಯ ಮೇಜಿನ ಮುಂದೆ ಅವಳ ಕೆನ್ನೆಗೆ ಹೊಡೆಯಿತು.

"ಹಾಗಾದ್ರೆ ಈ ಮನೆಗೆ ಯಜಮಾನನೇ ಇಲ್ಲ," ಎಂದ ಲ್ಯಾಂಗ್ಲಿ. "ವಾರಸುದಾರರೆಲ್ಲ ಖುದ್ದಾಗಿ ಸಹಿ ಹಾಕ್ಲಿ. ಹದಿನೈದು ದಿನ ಕೊಟ್ಟಿದ್ದೀನಿ."

ವಾರಸುದಾರರು ನಲವತ್ತೊಂದು ಜನ. ವರ್ಡೆಲ್ ಹಗಲು ಮೊಳೆ ಹೊಡೆದು, ಸಂಜೆ ಫೋನು ಹಿಡಿದು ಕೂತಳು. ಸವಾನಾದಿಂದ, ಡೆಟ್ರಾಯಿಟ್‌ನಿಂದ, ಫಿಲಡೆಲ್ಫಿಯಾದಿಂದ ಜನ ಬಸ್ಸು ಹಿಡಿದು ಬಂದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದವರೂ ಬಂದರು. ನಲವತ್ತು ಸಹಿ ಬಿತ್ತು. ನಲವತ್ತೊಂದನೆಯವನು ಟೋಬಿ, ಜೈಲಿನಲ್ಲಿದ್ದ. ಕಾಗದ ಜೈಲಿನ ಬಾಗಿಲು ದಾಟುವಷ್ಟರಲ್ಲಿ ಹದಿನೈದು ದಿನ ಮುಗಿದುಹೋಯಿತು.

"ಒಬ್ಬ ಕಮ್ಮಿ," ಎಂದು ಲ್ಯಾಂಗ್ಲಿ ಕಡತ ಮುಚ್ಚಿದ.

"ಜೈಲಲ್ಲವ್ನೆ ಸಾಹೇಬ್ರೆ, ಎಲ್ಲಿಂದ ಬಂದಾನು? ಇನ್ನೊಂದು ವಾರ ಕೊಡಿ. ಸಮುದ್ರದಲ್ಲಿ ಗಾಳಿ ಎದ್ದದೆ ಅಂತಾವ್ರೆ."

"ನಿಮ್ಮ ಜನ ಜೈಲಿಗೆ ಹೋಗೋದಕ್ಕೆ ನಾನೇನು ಮಾಡ್ಲಿ? ಮುಂದಿನ ವರ್ಷ ನೋಡೋಣ. ನಡಿ, ಹಿಂದೆ ಜನ ಕಾಯ್ತಿದ್ದಾರೆ."

ಮನೆಯಂಗಳದಲ್ಲಿ ನೆಂಟರು ಕೆಂಪನ್ನ, ಸಿಗಡಿ ಉಣ್ಣುತ್ತಿದ್ದರು. ಹಿಂದಿನ ಗಾಳಿ ಕಿತ್ತುಕೊಂಡು ಹೋಗಿದ್ದ ಅರ್ಧ ಚಾವಣಿಯ ಜಾಗದಲ್ಲಿ ಮೂರು ವರ್ಷದಿಂದ ನೀಲಿ ಟಾರ್ಪಾಲು. ಅದು ಪಟಪಟ ಬಡಿದುಕೊಳ್ಳುತ್ತಲೇ ಇತ್ತು. ಈ ಸಲದ ಗಾಳಿಗೆ ಉಳಿದರ್ಧವೂ ಹೋದರೆ, ವಾಸಕ್ಕೆ ಯೋಗ್ಯವಲ್ಲ ಎಂದು ಬರೆದು ಕೌಂಟಿಯವರು ಮನೆಯನ್ನೇ ಕೆಡವುತ್ತಾರೆ. ಪಕ್ಕದ ಎರಡು ಮನೆಗಳು ಹೋದದ್ದು ಹಾಗೆಯೇ.

"ಹೋಗ್ಲಿ ಬಿಡು ಮಗಾ," ಎಂದಳು ರೋಸೆಟ್ಟಾ. "ಸೋರೋ ಕಡೆ ಪಾತ್ರೆ ಇಟ್ರಾಯ್ತು."

ವರ್ಡೆಲ್‌ಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಅಂಗಳವನ್ನು ನಾಲ್ಕು ಸುತ್ತು ಹಾಕಿದಳು.

"ಲೋ ಐಸಮ್! ಊರೋರ ಚಾವಣಿಯೆಲ್ಲ ಬಿಗಿದ ಕೈಗೆ ನಮ್ಮವ್ವನ ಚಾವಣಿ ಬಿಗಿಯೋಕೆ ಆ ಲೌಡಿಮಗನ ಅಪ್ಪಣೆ ಬೇಕೇನೋ? ಪೆನ್ನು ಹಿಡಿಯೋಕೆ ಬಂದೋರೆಲ್ಲ ಇಲ್ಲೇ ಅವ್ರೆ. ಸುತ್ತಿಗೆ ಹಿಡೀಲಿ!"

ಯಾರೂ ಊರಿಗೆ ಹೊರಡಲಿಲ್ಲ. ಚರ್ಚಿನವರು ಹಲಗೆ ಕೊಟ್ಟರು. ಸವಾನಾದವರು ಮೊಳೆ, ಉಕ್ಕಿನ ಪಟ್ಟಿ ತಂದರು. ಮಾರನೆಯ ಬೆಳಿಗ್ಗೆ ಟಾರ್ಪಾಲು ಕಿತ್ತೆಸೆದು ಕೆಲಸ ಹಿಡಿದರು. ಐಸಮ್ ಮೊಳೆ ಹೊಡೆಯುವ ಯಂತ್ರ ತಂದಿದ್ದ. ಕೈಯಲ್ಲಿ ಕೆಲಸ ಕಲಿಸುತ್ತ, ಬಾಯಲ್ಲಿ ಬೈಯುತ್ತ ವರ್ಡೆಲ್ ತೊಲೆಯಿಂದ ತೊಲೆಗೆ ಓಡಾಡಿದಳು.

ಮಧ್ಯಾಹ್ನದ ಹೊತ್ತಿಗೆ ಲ್ಯಾಂಗ್ಲಿಯ ಜೀಪು ಬಂತು. ಕೈಯಲ್ಲಿ ಕೆಂಪು ನೋಟೀಸು.

"ನಿಲ್ಸಿ! ಅನುಮತಿ ಇಲ್ಲದೆ ಚಾವಣಿ ಬಿಚ್ಚಿದ್ದೀರಿ. ದಂಡ ಬೀಳುತ್ತೆ. ಮನೆ ಯಜಮಾನ ಯಾರು?"

ವರ್ಡೆಲ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೊಡೋವಾಗ ಯಜಮಾನ ಇರ್ನಿಲ್ಲ, ಕಿತ್ಕೊಳ್ಳೋವಾಗ ಹುಟ್ಕೊಂಡ್ನಾ ಸಾಹೇಬ್ರೆ? ಕಡ್ಜೋ ತಾತನ ಗೋರಿ ಆ ಮರದ ಕೆಳಗೈತೆ. ಹೋಗಿ ಅಂಟ್ಸಿ!"

"ಬಾಯ್ಮುಚ್ಚು! ಹೆಸರು ಹೇಳು."

ರೋಸೆಟ್ಟಾ ಕುರ್ಚಿಯಿಂದ ನಿಧಾನವಾಗಿ ಎದ್ದಳು. "ನನ್ನ ಹೆಸರು ಬರ್ಕೊ ಮಗಾ. ಆಮೇಲೆ ಆ ಚಾವಣಿ ಮೇಲಿರೋರ್ದೂ ಬರ್ಕೊ. ಒಬ್ಬೊಬ್ರಿಗೂ ಬೇರೆಬೇರೆ ನೋಟೀಸು ಕೊಡು. ಟೋಬಿದು ಜೈಲಿಗೇ ಕೊಂಡೋಗು, ನೀನು ಹೋದ್ರೆ ಬಾಗ್ಲು ತೆಗೀತಾರೆ."

ಚಾವಣಿಯ ಮೇಲೆ ನಗೆ ಎದ್ದಿತು. ಲ್ಯಾಂಗ್ಲಿಯ ಕತ್ತು ಕೆಂಪಾಯಿತು. ಫೋನು ತೆಗೆದು ಯಾರಿಗೋ ಹೇಳಿದ. ಅರ್ಧ ಗಂಟೆಯೊಳಗೆ ವಿದ್ಯುತ್ ಕಂಪನಿಯವನು ಬಂದು, ಯಾರ ಮುಖವನ್ನೂ ನೋಡದೆ ಗೋಡೆಯ ಮೀಟರು ಕಿತ್ತುಕೊಂಡು ಹೋದ. ಮೊಳೆ ಯಂತ್ರಕ್ಕೆ ಗಾಳಿ ತುಂಬುತ್ತಿದ್ದ ಮೋಟರು ಗೊರಗೊರ ಅಂದು ಸತ್ತಿತು. ಮನೆಯೊಳಗೆ ಫ್ಯಾನು ನಿಂತಿತು.

"ಈಗ ಹೊಡೀರಿ, ನೋಡ್ತೀನಿ," ಎಂದ ಲ್ಯಾಂಗ್ಲಿ.

ವರ್ಡೆಲ್ ಯಂತ್ರವನ್ನು ಅಂಗಳಕ್ಕೆ ಎಸೆದಳು. ಸೊಂಟದ ಸುತ್ತಿಗೆ ಎಳೆದು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಮಂಡಿಯೂರಿದಳು. ಐಸಮ್ ಸುತ್ತಿಗೆ ಎತ್ತಿದ. ಫಿಲಡೆಲ್ಫಿಯಾದ ಅತ್ತೆ, ಜನ್ಮದಲ್ಲಿ ಸುತ್ತಿಗೆ ಹಿಡಿಯದವಳು, ಬೆರಳು ಜಜ್ಜಿಕೊಂಡು ಥೂ ಅಂದು ಮತ್ತೆ ಹೊಡೆದಳು.

ಲ್ಯಾಂಗ್ಲಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ವರ್ಡೆಲ್ ಕಣ್ಣಲ್ಲೇ ಸನ್ನೆ ಮಾಡಿದಳು. ಮೇಲಿದ್ದ ನಾಲ್ಕು ಕೈಗಳು ಏಣಿಯನ್ನು ಗಕ್ಕನೆ ಎಳೆದುಕೊಂಡವು. ಅವನು ಮರಳಲ್ಲಿ ತಿಕ ಊರಿ ಕೂತ. ಪೊಲೀಸರನ್ನು ಕರೆಸುತ್ತೇನೆಂದು ಕೂಗಿದ. ಕರೆಸುವುದೂ ನಿಜವೇ, ಅದು ಅವಳಿಗೂ ಗೊತ್ತಿತ್ತು.

ದಕ್ಷಿಣದ ಕಡೆ ಆಕಾಶ ಕಪ್ಪಾಗಿತ್ತು. ಇನ್ನೂ ಅರ್ಧ ಚಾವಣಿ ಬಾಕಿ ಇತ್ತು. ವರ್ಡೆಲ್ ಬಾಯಿಂದ ಮುಂದಿನ ಮೊಳೆ ತೆಗೆದು ಹಲಗೆಗಿಟ್ಟು ಹೊಡೆದಳು.